ವಿದ್ಯಾರ್ಥಿವೇತನ ಮತ್ತು ಸೇವೆಯ ಮುಚ್ಚಳಿಕೆ

ಠಾಣೆಯಿಂದ ಕಲ್ಯಾಣದ ಕಡೆಗೆ ಸಾಗುವ ರೈಲುಮಾರ್ಗದಲ್ಲಿ, ಪಾರ್ಸಿಕ್ ಗುಡ್ಡಕ್ಕೂ ಖಾಡಿಗೂ ನಡುವಣ ಇಕ್ಕಟ್ಟಾದ ನೆಲದ ಮೇಲೆ ಮುಂಬ್ರಾ ಎಂಬ ಊರಿದೆ. ಗುಡ್ಡದ ಮೇಲೆ ಮುಂಬ್ರಾದೇವಿಯ ಗುಡಿ. ಕೆಳಗೆ ಒಂದಕ್ಕೊಂದು ಆತುಕೊಂಡು ನಿಂತ ಬಹುಮಹಡಿ ಕಟ್ಟಡಗಳು. 1992-93ರ ಗಲಭೆಗಳ ತರುವಾಯ ಮುಂಬಯಿಯ ಹಲವು ಕೇರಿಗಳನ್ನು ತೊರೆದ ಮುಸಲ್ಮಾನ ಕುಟುಂಬಗಳು ಇಲ್ಲಿ ಬಂದು ನೆಲಸಿದುವು; ಅದರಿಂದ ಊರು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತು. ಆಡಳಿತದ ಮಟ್ಟಿಗೆ ಇದು ಠಾಣೆ ಮಹಾನಗರಪಾಲಿಕೆಗೆ ಸೇರಿದ್ದು. ಇಲ್ಲಿನ ಪೋಲೀಸ್ ಸ್ಟೇಷನ್ನು ಠಾಣೆ ನಗರದ ಪೋಲೀಸ್ ಕಮಿಷನರರ ಅಧೀನದಲ್ಲಿದೆ.

ಇಂತಹ ಊರಿನಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಬಡಮನೆಯ ತರುಣನ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಕಾಲೇಜಿನ ವರ್ಷಗಳಲ್ಲಿ ಮನೆಯ ಖರ್ಚು ಸಾಗುವ ಬಗೆಯೆಂತು? ಪದವಿ ದೊರೆತ ಮೇಲೆ ಕೆಲಸವೆಲ್ಲಿ? ಊರಿಗೂ ಒಂದು ಪ್ರಶ್ನೆಯಿದೆ: ಗಸ್ತಿಗೆ ಬರುವ ಪೋಲೀಸನನ್ನು ಜನರು ತಮ್ಮವನೆಂದು ನಂಬುವ ಕಾಲ ಬರುವುದೆಂದು? ಈ ಮೂರಕ್ಕೂ ಒಂದೇ ಉತ್ತರವಾಗಿ ತೋರಬಹುದಾದ ಯೋಜನೆಯೊಂದುಂಟು. ಸರ್ಕಾರವು ವಿದ್ಯಾರ್ಥಿಯ ಕಾಲೇಜು ವೆಚ್ಚವನ್ನು ವಹಿಸುವುದು. ವಿದ್ಯಾರ್ಥಿಯು ಪದವೀಧರನಾದ ಮೇಲೆ ಗೊತ್ತಾದ ವರ್ಷಗಳ ಕಾಲ ಪೋಲೀಸ್ ಅಧಿಕಾರಿಯಾಗಿ ಸೇವೆ ಸಲ್ಲಿಸುವುದು. ಇದು ಬರಿಯ ಊಹೆಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಕಾಯಿದೆಯಾಗಿ, ಕೆಲವು ವರ್ಷ ನಡೆದು, ನಿಂತುಹೋದ ಒಂದು ಪ್ರಯೋಗ. ಅದರ ಸ್ವರೂಪವೇನು, ನಮ್ಮ ಪರಿಸ್ಥಿತಿಗೆ ಅದು ಎಷ್ಟರಮಟ್ಟಿಗೆ ಒಗ್ಗುತ್ತದೆ, ಮುಚ್ಚಳಿಕೆಯು ಯಾರನ್ನು ಎಷ್ಟು ಕಟ್ಟಬೇಕು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ದಾನ ಮತ್ತು ಜೋಳವಾಳಿ

ಅನ್ನ ಕೊಟ್ಟು ಸೇವೆ ಪಡೆಯುವ ಕಲ್ಪನೆ ಕನ್ನಡಕ್ಕೆ ಹೊಸತಲ್ಲ. ಪಂಪನ ಕಾಲದ ಕನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳವನ್ನುಂಡವನು ಆ ಋಣವನ್ನು ಕಾಳಗದಲ್ಲಿ ತೀರಿಸತಕ್ಕದ್ದು ಎಂಬುದು ಅದರ ಅರ್ಥ. ಅದರ ಜೊತೆಯ ಮಾತಾದ ‘ವೇಳೆವಾಳಿ’ಯು ಒದಗಿದ ವೇಳೆಗೆ ಪ್ರಾಣವನ್ನೇ ಒಪ್ಪಿಸುವ ವ್ರತವನ್ನು ಸೂಚಿಸುತ್ತದೆ. ಮೊದಲು ಧಾನ್ಯ, ಆಮೇಲೆ ಸೇವೆ: ಇಂದಿನ ಸೇವಾಮುಚ್ಚಳಿಕೆಯ ಬೀಜ ಇದರಲ್ಲಿದೆ.

ಆದರೆ ವಿದ್ಯೆಯ ವಿಷಯದಲ್ಲಿ ಕನ್ನಡನಾಡು ಬೇರೊಂದು ದಾರಿಯನ್ನು ಹಿಡಿದಿತ್ತು. ವಿಜಾಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳಿಕೆಯ 945ರ ಶಾಸನವು ಒಂದು ವಿದ್ಯಾಶಾಲೆಯನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ ಇದ್ದ 27 ವಸತಿಗಳನ್ನೂ ಹೇಳುತ್ತದೆ. ಅಲ್ಲಿ ಕಟ್ಟುಪಾಡು ದಾನಿಗೆ ಮತ್ತು ಆತನ ಭೂಮಿಗೆ. ಕಲಿತವನು ಎಲ್ಲಿಗಾದರೂ ಹೋಗಬಹುದಾಗಿತ್ತು. ಮುಂದೆ ನಮ್ಮ ಹಿರಿಯರ ಕಾಲದ ವಾರಾನ್ನವೂ ಇದೇ ಬಗೆಯದು. ಏಳು ಮನೆಗಳಲ್ಲಿ ಏಳು ದಿನ ಉಂಡು ಓದಿದ ಹುಡುಗನಿಂದ ಯಾವ ಮನೆಯವರೂ ಕಾಗದ ಬರೆಸಿಕೊಳ್ಳಲಿಲ್ಲ.

ಮುಂಬಯಿಗೆ ಬಂದ ಕನ್ನಡಿಗರಲ್ಲಿ ಈ ಎರಡು ಪದ್ಧತಿಗಳೂ ಬೆರೆತುವು. ಹಗಲು ಹೋಟೆಲಿನಲ್ಲಿ ದುಡಿದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದ ಹುಡುಗರು ಅದೆಷ್ಟೋ ಮಂದಿ. ಮಾಲೀಕನು ಊಟವನ್ನೂ ಮಲಗುವ ಎಡೆಯನ್ನೂ ಕೊಟ್ಟು, ಸಂಜೆ ಶಾಲೆಗೆ ಬಿಡುತ್ತಿದ್ದನು. ಹುಡುಗನು ಆ ಉಪಕಾರವನ್ನು ಮರೆಯುತ್ತಿರಲಿಲ್ಲ. ಆದರೆ ಉತ್ತಮ ಕೆಲಸ ದೊರೆತ ದಿನ ಅವನು ಹೊರಟರೆ ತಡೆಯುವ ಕರಾರು ಇರಲಿಲ್ಲ. ಋಣವು ಮನಸ್ಸಾಕ್ಷಿಗೆ ಬಿಟ್ಟದ್ದು, ಕರಾರು ನ್ಯಾಯಾಲಯಕ್ಕೆ ಒಪ್ಪಿಸಿದ್ದು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಲಭವಾಗುತ್ತದೆ.

ಅಮೆರಿಕೆಯ ಪ್ರಯೋಗ

ಪೋಲೀಸರಿಗೆ ಕಾಲೇಜು ವಿದ್ಯೆ ಬೇಕೆಂಬ ವಾದ ಅಮೆರಿಕೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರದ ಪೋಲೀಸ್ ಮುಖ್ಯಸ್ಥನಾಗಿದ್ದ ಆಗಸ್ಟ್ ವೋಲ್ಮರ್ ಎಂಬಾತನು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನೇ ಪೋಲೀಸ್ ಕೆಲಸಕ್ಕೆ ಸೇರಿಸಿಕೊಂಡು ಹೆಸರಾದನು. 1967ರಲ್ಲಿ ಅಧ್ಯಕ್ಷರು ನೇಮಿಸಿದ್ದ ಆಯೋಗವು, ಪೋಲೀಸರೆಲ್ಲರೂ ಪದವೀಧರರಾಗುವುದೇ ಕೊನೆಯ ಗುರಿಯಾಗಿರಬೇಕೆಂದು ಸೂಚಿಸಿತು. ಮರುವರ್ಷವೇ, ಎಂದರೆ 1968ರಲ್ಲಿ, ಕೇಂದ್ರ ಕಾಯಿದೆಯೊಂದರ ಮೂಲಕ ಪೋಲೀಸ್ ಶಿಕ್ಷಣಕ್ಕೆ ಧನಸಹಾಯ ದೊರೆಯತೊಡಗಿತು. ಈ ಸಹಾಯದ ಒಂದು ಭಾಗ ಸಾಲದ ರೂಪದಲ್ಲಿತ್ತು. ಸಾಲ ಪಡೆದವನು ಪೋಲೀಸ್ ಮುಂತಾದ ಇಲಾಖೆಗಳಲ್ಲಿ ಸೇವೆ ಸಲ್ಲಿಸಿದ ಪ್ರತಿಯೊಂದು ವರ್ಷಕ್ಕೆ ಸಾಲದ ನೂರಕ್ಕೆ 25 ಭಾಗ ಮಾಫಿಯಾಗುತ್ತಿತ್ತು. ನಾಲ್ಕು ವರ್ಷಗಳಲ್ಲಿ ಸಾಲ ಪೂರ್ತಿ ತೀರುತ್ತಿತ್ತು.

ಈ ಯೋಜನೆಯ ಲೋಪ ಬೇಗನೆ ಕಂಡುಬಂದಿತು. ಹಣವಿದೆಯೆಂದು ಅನೇಕ ಕಾಲೇಜುಗಳು ಪೋಲೀಸರಿಗೆಂದೇ ಸುಲಭವಾದ ಪಾಠಕ್ರಮಗಳನ್ನು ತೆರೆದುವು. ಇಂತಹ ಶಿಕ್ಷಣವು ಬರಿಯ ವೃತ್ತಿಪಾಠವಾಗಿಬಿಟ್ಟಿದೆ, ವಿಶ್ವವಿದ್ಯೆಯ ವಿಶಾಲದೃಷ್ಟಿ ಇದರಲ್ಲಿಲ್ಲ ಎಂದು 1978ರಲ್ಲಿ ಹೊರಬಂದ ರಾಷ್ಟ್ರೀಯ ಸಮಿತಿಯೊಂದರ ವರದಿ ಖಂಡಿಸಿತು. 1980ರ ದಶಕದ ಆರಂಭದ ಹೊತ್ತಿಗೆ ಯೋಜನೆಯು ಮುಗಿದುಹೋಯಿತು.

ಅದೇ ದಶಕದಲ್ಲಿ ಆಡಂ ವಾಲಿನ್ಸ್ಕಿ ಎಂಬ ವಕೀಲನು ಹೊಸ ಸಲಹೆಯೊಂದನ್ನು ಮುಂದಿಟ್ಟನು. ಈತನು ಹಿಂದೆ ರಾಬರ್ಟ್ ಕೆನೆಡಿಯ ಸಹಾಯಕನಾಗಿದ್ದವನು. ಕಾಲೇಜು ವಿದ್ಯಾರ್ಥಿಗಳ ವೆಚ್ಚ ಕೊಟ್ಟು ಅವರನ್ನು ಸೈನ್ಯದ ಅಧಿಕಾರಿಗಳನ್ನಾಗಿ ಮಾಡುವ ಪದ್ಧತಿ ಆ ದೇಶದಲ್ಲಿ ಮೊದಲೇ ಇತ್ತು. ಅದನ್ನೇ ಪೋಲೀಸಿಗೂ ಅನ್ವಯಿಸಬೇಕೆಂದು ಈತನ ವಾದ. ಬಹುಕಾಲದ ಪ್ರಯತ್ನದ ಬಳಿಕ, 1994ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾದ ಅಪರಾಧ ನಿಯಂತ್ರಣ ಕಾಯಿದೆಯಲ್ಲಿ ‘ಪೋಲೀಸ್ ಕೋರ್’ ಎಂಬ ಹೆಸರಿನಿಂದ ಇದು ಸೇರ್ಪಡೆಯಾಯಿತು.

ಮೂಲ ಕಾಯಿದೆಯ ಮುಖ್ಯ ನಿಬಂಧನೆಗಳು ಇವು. ವಿದ್ಯಾರ್ಥಿಗೆ ವರ್ಷಕ್ಕೆ 7,500 ಡಾಲರುಗಳವರೆಗೆ, ಒಟ್ಟು 30,000 ಡಾಲರುಗಳನ್ನು ಮೀರದಂತೆ, ಕಾಲೇಜು ವೆಚ್ಚ ದೊರೆಯುವುದು. ವ್ಯಾಸಂಗದ ವಿಷಯ ಅವನ ಇಷ್ಟ. ಸಾಹಿತ್ಯವನ್ನಾದರೂ ಓದಬಹುದು, ರಸಾಯನಶಾಸ್ತ್ರವನ್ನಾದರೂ ಓದಬಹುದು. ಅದಲ್ಲದೆ 16 ವಾರಗಳ ವಿಶೇಷ ಪೋಲೀಸ್ ತರಬೇತಿ; ಇದು ಮುಂದೆ ಇನ್ನೂ ದೀರ್ಘವಾಯಿತು. ಪದವಿಯ ಬಳಿಕ ನಾಲ್ಕು ವರ್ಷ ಪೋಲೀಸ್ ಸೇವೆ. ಅವನನ್ನು ನೇಮಿಸಿಕೊಂಡ ಸ್ಥಳೀಯ ಇಲಾಖೆಗೂ ವರ್ಷಕ್ಕೆ 10,000 ಡಾಲರು ಸಹಾಯ. ಮಾತಿಗೆ ತಪ್ಪಿದವನು ಪಡೆದ ಹಣವೆಲ್ಲವನ್ನೂ ನೂರಕ್ಕೆ 10ರ ಬಡ್ಡಿಯೊಡನೆ ಮರಳಿಸತಕ್ಕದ್ದು. ಮರಣ ಹಾಗೂ ಶಾಶ್ವತ ಅಂಗವೈಕಲ್ಯಗಳಿಗೆ ಮಾತ್ರ ವಿನಾಯಿತಿ. ಕರ್ತವ್ಯದಲ್ಲಿ ಮಡಿದ ಪೋಲೀಸರ ಮಕ್ಕಳಿಗೂ ಈ ಕಾಯಿದೆಯಲ್ಲಿ ವಿದ್ಯಾರ್ಥಿವೇತನವಿತ್ತು, ಆದರೆ ಅವರು ಸೇವೆಯ ಮುಚ್ಚಳಿಕೆ ಕೊಡಬೇಕಾಗಿರಲಿಲ್ಲ. ತಂದೆಯ ಪ್ರಾಣವೇ ಸಂದಿರುವಾಗ ಮಗನಿಂದ ಮತ್ತೆ ಕೇಳುವುದು ಏನನ್ನು? ನಮ್ಮಲ್ಲಿಯೂ ಪ್ರಧಾನಮಂತ್ರಿಯವರ ವಿದ್ಯಾರ್ಥಿವೇತನ ಯೋಜನೆಯನ್ನು, ಭಯೋತ್ಪಾದಕರ ಅಥವಾ ನಕ್ಸಲೀಯರ ದಾಳಿಯಲ್ಲಿ ಮಡಿದ ರಾಜ್ಯ ಪೋಲೀಸರ ಮಕ್ಕಳಿಗೆ 2019ರಲ್ಲಿ ವಿಸ್ತರಿಸಿದಾಗ ಇದೇ ನ್ಯಾಯವನ್ನು ಅನುಸರಿಸಲಾಯಿತು.

ಪೋಲೀಸ್ ಕೋರ್ ಎಲ್ಲ ಸಂಸ್ಥಾನಗಳಿಗೂ ಹಬ್ಬಲಿಲ್ಲ. ಸೇರಿದ ಸಂಸ್ಥಾನಗಳಲ್ಲಿಯೂ ಸಂಖ್ಯೆ ಸಣ್ಣದಾಗಿಯೇ ಉಳಿಯಿತು. ಪ್ರಸ್ತುತ ಶತಮಾನದ ಮೊದಲ ದಶಕದಲ್ಲಿ ಕೇಂದ್ರದ ಅನುದಾನ ನಿಂತುದರೊಡನೆ ಯೋಜನೆಯೂ ನಿಂತಿತು. ನಾಲ್ಕು ವರ್ಷ ಓದು, ನಾಲ್ಕು ವರ್ಷ ಸೇವೆ ಎಂದರೆ ಒಬ್ಬ ವಿದ್ಯಾರ್ಥಿಯ ಲೆಕ್ಕ ಮುಗಿಯುವುದಕ್ಕೆ ಎಂಟು ವರ್ಷ ಬೇಕು; ಅನುದಾನವಾದರೋ ವರ್ಷವರ್ಷವೂ ಮಂಜೂರಾಗಬೇಕು. ದೀರ್ಘಾವಧಿಯ ಸಾಲವನ್ನು ಅಲ್ಪಾವಧಿಯ ಠೇವಣಿಯಿಂದ ಕೊಟ್ಟ ಬ್ಯಾಂಕಿಗೆ ಒದಗುವ ಸಂಕಟವೇ ಇಂತಹ ಯೋಜನೆಗಳಿಗೂ ಒದಗುತ್ತದೆ.

ನಮ್ಮ ಪರಿಸ್ಥಿತಿ

ಅಮೆರಿಕೆಯಲ್ಲಿ ಕಾಯಿದೆ ಮಾಡಿದವರ ಚಿಂತೆ, ಪದವೀಧರರು ಪೋಲೀಸಿನತ್ತ ಸುಳಿಯುವುದಿಲ್ಲವೆಂಬುದು. ನಮ್ಮ ಸ್ಥಿತಿ ಇದಕ್ಕೆ ವಿಪರೀತ. ಮಹಾರಾಷ್ಟ್ರದಲ್ಲಿ ಪೋಲೀಸ್ ಶಿಪಾಯಿಯ ಹುದ್ದೆಗೆ ಹನ್ನೆರಡನೆಯ ತರಗತಿ, ಕರ್ನಾಟಕದಲ್ಲಿ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ಸಾಕು. ಆದರೂ ಭರ್ತಿಯ ಮೈದಾನದಲ್ಲಿ ಬೆಳಗಿನ ಜಾವದಿಂದ ನಿಂತ ಸಾಲಿನಲ್ಲಿ ಪದವೀಧರರು, ಸ್ನಾತಕೋತ್ತರ ಪದವೀಧರರು, ಇಂಜಿನಿಯರುಗಳು ಸಹ ಇರುತ್ತಾರೆ. ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಪದವಿ ಬೇಕು. ಅಲ್ಲಿಯೂ ಅಭ್ಯರ್ಥಿಗಳ ಕೊರತೆಯಿಲ್ಲ. ಅಮೆರಿಕೆಯಲ್ಲಿ ಪೋಲೀಸಿಗೆ ಪದವೀಧರನು ಬೇಕಾಗಿದ್ದನು. ಇಲ್ಲಿ ಪದವೀಧರನಿಗೆ ಪೋಲೀಸ್ ಕೆಲಸ ಬೇಕಾಗಿದೆ. ಆದುದರಿಂದ ಅಲ್ಲಿನ ಕಾಯಿದೆಯನ್ನು ಇದ್ದಂತೆಯೇ ಇಲ್ಲಿಗೆ ತಂದರೆ, ಹೇಗಿದ್ದರೂ ಬರುವವರಿಗೇ ಹಣ ಕೊಟ್ಟು ಕರೆದಂತಾಗುತ್ತದೆ.

ಹಾಗಾದರೆ ನಮಗೆ ಇದರ ಅಗತ್ಯವೇ ಇಲ್ಲವೇ? ಇದೆ, ಆದರೆ ಕಾರಣ ಬೇರೆ. ಸಾಲಿನಲ್ಲಿ ನಿಂತವರು ಬಹುಮಂದಿ ಎಂಬುದು ನಿಜವಾದರೂ, ಎಲ್ಲ ಊರುಗಳವರೂ ಎಲ್ಲ ಸಮಾಜಗಳವರೂ ಆ ಸಾಲಿನವರೆಗೆ ತಲಪುವುದಿಲ್ಲ. ಮುಂಬಯಿಯ ಗಲಭೆಗಳನ್ನು ವಿಚಾರಿಸಿದ ಶ್ರೀಕೃಷ್ಣ ಆಯೋಗದ ವರದಿ 1998ರಲ್ಲಿ ಪ್ರಕಟವಾದಾಗ, ಪೋಲೀಸರ ಪಕ್ಷಪಾತದ ಮೇಲೆ ಅದರಲ್ಲಿ ತೀವ್ರ ಟೀಕೆಯಿತ್ತು. 2006ರ ಸಾಚಾರ್ ಸಮಿತಿಯ ವರದಿಯು ದೇಶದ ಪೋಲೀಸ್ ದಳಗಳಲ್ಲಿ ಮುಸಲ್ಮಾನರ ಪ್ರಮಾಣ ಅವರ ಜನಸಂಖ್ಯೆಗೆ ಹೋಲಿಸಿದರೆ ಬಹಳ ಕಡಮೆಯೆಂದು ತೋರಿಸಿತು. ಮಹಾರಾಷ್ಟ್ರ ಸರ್ಕಾರವು ಅಲ್ಪಸಂಖ್ಯಾತ ತರುಣರಿಗೆ ಪೋಲೀಸ್ ಭರ್ತಿಯ ಪೂರ್ವತರಬೇತಿಯನ್ನು ಕೊಡಿಸಿದ್ದುಂಟು. ಆದರೆ ಕೆಲವು ವಾರಗಳ ಓಟ, ಗುಂಡೆಸೆತ, ಲಿಖಿತ ಪರೀಕ್ಷೆಯ ಅಭ್ಯಾಸ ಒಂದು. ಕಾಲೇಜಿನ ಮೂರು ನಾಲ್ಕು ವರ್ಷಗಳ ಆಸರೆ ಇನ್ನೊಂದು. ಕೇರಳದಲ್ಲಿ 2010ರಲ್ಲಿ ಆರಂಭವಾಗಿ 2018ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ವಿದ್ಯಾರ್ಥಿ ಪೋಲೀಸ್ ಕೆಡೆಟ್ ಯೋಜನೆಯು ಶಾಲಾಮಕ್ಕಳಲ್ಲಿ ಶಿಸ್ತನ್ನೂ ಕಾನೂನಿನ ಅರಿವನ್ನೂ ಬೆಳೆಸುತ್ತದೆ. ಕಾಲೇಜಿನ ಶುಲ್ಕವನ್ನು ಕಟ್ಟುವುದು ಅದರ ಕೆಲಸವಲ್ಲ.

ಬಡಮನೆಯ ಲೆಕ್ಕವನ್ನು ನೋಡಿದರೆ ಇದರ ಮಹತ್ತ್ವ ತಿಳಿಯುತ್ತದೆ. ಕಲಾ, ವಾಣಿಜ್ಯ ಕಾಲೇಜುಗಳ ಶುಲ್ಕ ಅಷ್ಟೇನೂ ದೊಡ್ಡದಲ್ಲ. ದೊಡ್ಡದೆಂದರೆ ಆ ವರ್ಷಗಳಲ್ಲಿ ಮಗನೋ ಮಗಳೋ ದುಡಿದು ತರಬಹುದಾಗಿದ್ದ ಸಂಬಳ. ಬ್ಯಾಂಕಿನ ಶಿಕ್ಷಣಸಾಲವು ಶುಲ್ಕ, ಪುಸ್ತಕ, ವಸತಿಗಳ ಖರ್ಚನ್ನು ಹೊರುತ್ತದೆ; ತಪ್ಪಿದ ಸಂಬಳವನ್ನು ಹೊರುವುದಿಲ್ಲ. ಸೇವೆಯ ಕರಾರಿನ ವಿದ್ಯಾರ್ಥಿವೇತನವು ಮಾಸಾಶನದ ರೂಪದಲ್ಲಿ ದೊರೆತರೆ ಈ ಕೊರತೆಯನ್ನು ತುಂಬಬಲ್ಲದು. ಮುಂಬ್ರಾದ ಹುಡುಗನಿಗೆ ಮಾತ್ರವಲ್ಲ. ಕಲ್ಯಾಣ, ಡೊಂಬಿವಲಿಗಳ ಚಾಳುಗಳಲ್ಲಿ ಬೆಳೆದು, ಮನೆಯಲ್ಲಿ ಕನ್ನಡವನ್ನೂ ಹೊರಗೆ ಮರಾಠಿಯನ್ನೂ ಸರಾಗವಾಗಿ ಆಡುವ ಕನ್ನಡಿಗರ ಮೂರನೆಯ ತಲೆಮಾರಿಗೂ ಇದೇ ಮಾತು ಸಲ್ಲುತ್ತದೆ.

ಮುಚ್ಚಳಿಕೆಯ ಕಾನೂನು

ಸಂವಿಧಾನದಂತೆ ಪೋಲೀಸ್ ಇಲಾಖೆ ರಾಜ್ಯಪಟ್ಟಿಗೆ ಸೇರಿದ್ದು. ಆದುದರಿಂದ ಇಂತಹ ಯೋಜನೆಯನ್ನು ರಾಜ್ಯ ಸರ್ಕಾರವೇ ಮಾಡಬೇಕು. ಮಾಡಿದರೆ ಅದರ ಕರಾರು ನ್ಯಾಯಾಲಯದಲ್ಲಿ ನಿಲ್ಲುವುದೇ?

ನಿಲ್ಲುವುದೆಂಬುದಕ್ಕೆ ನಿದರ್ಶನಗಳಿವೆ. ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕೆಡೆಟನ ತರಬೇತಿಯ ಖರ್ಚು ಸರ್ಕಾರದ್ದು; ಸ್ವಂತ ಇಚ್ಛೆಯಿಂದ ನಡುವೆ ಬಿಟ್ಟವನಿಂದ ಖರ್ಚನ್ನು ವಸೂಲು ಮಾಡುವ ಕರಾರಿರುತ್ತದೆ. ವೈದ್ಯ ವಿದ್ಯಾರ್ಥಿಗಳಿಂದ ಅನೇಕ ರಾಜ್ಯಗಳು ಸೇವಾಮುಚ್ಚಳಿಕೆಯನ್ನು ಬರೆಸಿಕೊಳ್ಳುತ್ತವೆ; ಕರ್ನಾಟಕವು 2012ರಲ್ಲಿ ಕಡ್ಡಾಯ ವೈದ್ಯಸೇವೆಗಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಉನ್ನತ ವೈದ್ಯ ವ್ಯಾಸಂಗದ ಮುಚ್ಚಳಿಕೆಗಳನ್ನು ಪ್ರಶ್ನಿಸಿದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯವು 2019ರ ಆಗಸ್ಟಿನಲ್ಲಿ ತಳ್ಳಿಹಾಕಿತು.

ಕನ್ನಡಿಗರಿಗೆ ಇನ್ನೂ ಸಮೀಪದ ನಿದರ್ಶನ ವಿಜಯಾ ಬ್ಯಾಂಕಿನದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ಈ ಬ್ಯಾಂಕು, 2006ರಲ್ಲಿ ಪ್ರಕಟಿಸಿದ ನೇಮಕದಲ್ಲಿ, ಅಧಿಕಾರಿಗಳು ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಬೇಕು, ಇಲ್ಲವೆ 2 ಲಕ್ಷ ರೂಪಾಯಿ ತೆರಬೇಕು ಎಂಬ ಷರತ್ತನ್ನು ಹಾಕಿತ್ತು. ಅವಧಿ ಮುಗಿಯುವ ಮುನ್ನ ಬೇರೆ ಬ್ಯಾಂಕಿಗೆ ಹೋದ ಅಧಿಕಾರಿಯೊಬ್ಬರು ಹಣವನ್ನು ಕಟ್ಟಿ, ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯವಾಯಿತು. ಆದರೆ 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿ ಷರತ್ತನ್ನು ಎತ್ತಿಹಿಡಿಯಿತು. ಸೇವೆಯಲ್ಲಿರುವ ಅವಧಿಗೆ ಸಂಬಂಧಿಸಿದ ಇಂತಹ ನಿರ್ಬಂಧವು, 1872ರ ಕರಾರು ಕಾಯಿದೆಯ 27ನೆಯ ಕಲಮು ನಿಷೇಧಿಸುವ ಉದ್ಯೋಗನಿರ್ಬಂಧವಲ್ಲವೆಂಬುದು ಅದರ ನಿರ್ಣಯ.

ಹೀಗೆ ಬರೆದುಕೊಟ್ಟವನನ್ನು ಕಟ್ಟುವುದರಲ್ಲಿ ಕಾನೂನಿಗೆ ಸಂದೇಹವಿಲ್ಲ. ಬರೆಸಿಕೊಂಡವರನ್ನು ಕಟ್ಟುವುದು ಯಾವುದು?

ಬಡೋದೆಯ ಪಾಠ

ಈ ಪ್ರಶ್ನೆಗೆ ಪಶ್ಚಿಮ ಭಾರತದ ಇತಿಹಾಸದಲ್ಲಿಯೇ ಉತ್ತರವಿದೆ. 1913ರ ಜೂನಿನಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರರಾದ ಭೀಮರಾವ್ ಅಂಬೇಡಕರರು ಬಡೋದಾ ಸಂಸ್ಥಾನದೊಡನೆ ಒಂದು ಕರಾರಿಗೆ ಸಹಿ ಹಾಕಿದರು. ಮಹಾರಾಜ ಸಯಾಜಿರಾವ್ ಗಾಯಕವಾಡರು ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದ ವ್ಯಾಸಂಗಕ್ಕಾಗಿ ಮೂರು ವರ್ಷ ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಡುವುದು. ವಿದ್ಯಾರ್ಥಿಯು ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದು. ದಾನಿ ಉದಾರಿ, ವಿದ್ಯಾರ್ಥಿ ಅಸಾಧಾರಣ ಪ್ರತಿಭಾವಂತ, ಕರಾರು ಸ್ಪಷ್ಟ.

1917ರಲ್ಲಿ ಅಂಬೇಡಕರರು ಮಾತಿನಂತೆ ಬಡೋದೆಗೆ ಬಂದು ಸೇವೆಗೆ ಹಾಜರಾದರು. ಊರಿನಲ್ಲಿ ಅವರಿಗೆ ಇರಲು ಮನೆ ದೊರೆಯಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಜಾತಿಯನ್ನು ಮರೆಸಿಕೊಂಡು ಉಳಿದುಕೊಂಡರು. ಹನ್ನೊಂದನೆಯ ದಿನ ಕೋಲು ಹಿಡಿದ ಗುಂಪೊಂದು ಬಂದು ಅವರನ್ನು ಹೊರಡಿಸಿತು. ಬೇರೆ ಆಸರೆ ಕಾಣದೆ ಅವರು ಮುಂಬಯಿಗೆ ಹಿಂದಿರುಗಿದರು. 1918ರಲ್ಲಿ ಸಿಡನ್‌ಹ್ಯಾಂ ಕಾಲೇಜಿನ ಅಧ್ಯಾಪಕರಾದರು. ಹತ್ತು ವರ್ಷಗಳ ಸೇವೆಯ ಕರಾರು ದಿನಗಳ ಲೆಕ್ಕದಲ್ಲಿ ಕುಸಿಯಿತು.

ಇಲ್ಲಿ ತಪ್ಪಿದವರಾರು? ಸಹಿ ಹಾಕಿದ ವಿದ್ಯಾರ್ಥಿಯಲ್ಲ. ಹಣ ಕೊಟ್ಟ ಅರಸನ ಉದ್ದೇಶದಲ್ಲಿಯೂ ದೋಷವಿರಲಿಲ್ಲ. ಆದರೆ ಓದಿಸುವ ಹೊಣೆಯನ್ನು ಹೊತ್ತ ಸಂಸ್ಥಾನವು, ಓದಿ ಬಂದವನು ತಲೆಯೆತ್ತಿ ಕೆಲಸ ಮಾಡುವಂತಹ ಒಂದು ಸೂರನ್ನೂ ಒಂದು ಕಚೇರಿಯನ್ನೂ ಸಿದ್ಧಪಡಿಸಿರಲಿಲ್ಲ. ಕರಾರಿನಲ್ಲಿ ಅದರ ಮಾತೇ ಇರಲಿಲ್ಲ.

ಸಮತೂಕದ ಕರಾರು

ಈ ಪಾಠವನ್ನು ಮುಂಬ್ರಾದ ತರುಣನಿಗೆ ಅನ್ವಯಿಸಿ ನೋಡಿದರೆ, ನ್ಯಾಯವಾದ ಕರಾರು ಹೇಗಿರಬೇಕೆಂಬುದು ಗೋಚರಿಸುತ್ತದೆ.

ಮೊದಲನೆಯದಾಗಿ, ಸಾಲವು ಸೇವೆಯೊಡನೆ ಕರಗುತ್ತಾ ಹೋಗಬೇಕು. 1968ರ ಯೋಜನೆಯಲ್ಲಿ ವರ್ಷಕ್ಕೆ ನಾಲ್ಕನೆಯ ಒಂದು ಭಾಗ ತೀರುತ್ತಿದ್ದುದೇ 1994ರ ಪದ್ಧತಿಗಿಂತ ಮೇಲು. ಮೂರು ವರ್ಷ ಪ್ರಾಮಾಣಿಕವಾಗಿ ದುಡಿದು, ತಾಯಿಯ ಕಾಯಿಲೆಗಾಗಿ ಕೆಲಸ ಬಿಟ್ಟವನಿಂದ ಪೂರ್ತಿ ಅಸಲನ್ನೂ ನೂರಕ್ಕೆ 10ರ ಬಡ್ಡಿಯನ್ನೂ ಕೇಳುವುದು ಯಾವ ಸಾಲಗಾರನ ಲೆಕ್ಕದಲ್ಲಿಯೂ ನ್ಯಾಯವಲ್ಲ.

ಎರಡನೆಯದಾಗಿ, ಆಯ್ಕೆ ಬಹಿರಂಗವಾಗಿರಬೇಕು. ಕರ್ನಾಟಕದಲ್ಲಿ 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗಾಗಿ 2021ರಲ್ಲಿ ನಡೆದ ಪರೀಕ್ಷೆಯನ್ನು ಅಕ್ರಮಗಳ ಕಾರಣದಿಂದ 2022ರಲ್ಲಿ ರದ್ದುಪಡಿಸಬೇಕಾಯಿತು. ಹಿರಿಯ ಪೋಲೀಸ್ ಅಧಿಕಾರಿಯೊಬ್ಬರೇ ಬಂಧನಕ್ಕೊಳಗಾದರು. ವಿದ್ಯಾರ್ಥಿವೇತನದ ಮೂಲಕ ಆಯ್ಕೆ ಮಾಡುವುದೆಂದರೆ ಪರೀಕ್ಷೆಯನ್ನು ನಾಲ್ಕು ವರ್ಷ ಮುಂಚಿತವಾಗಿ ನಡೆಸಿದಂತೆ. ಅಕ್ರಮವೂ ಅಷ್ಟೇ ಮುಂಚಿತವಾಗಿ ನುಸುಳಬಲ್ಲದು.

ಮೂರನೆಯದಾಗಿ, ಓದುವ ವಿಷಯ ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟದ್ದಾಗಿರಬೇಕು. ಉರ್ದುವನ್ನೋ ಮರಾಠಿಯನ್ನೋ ಕನ್ನಡವನ್ನೋ ಚೆನ್ನಾಗಿ ಓದಿದವನು ದೂರು ಕೊಡಲು ಬಂದ ಮುದುಕಿಯ ಮಾತನ್ನು ಅರ್ಥಮಾಡಿಕೊಳ್ಳುವನು. ಪೋಲೀಸರಿಗೆಂದೇ ಕಟ್ಟಿದ ಅಗ್ಗದ ಪಾಠಕ್ರಮದಿಂದ ಈ ಗುಣ ಬರುವುದಿಲ್ಲವೆಂಬುದನ್ನು ಅಮೆರಿಕೆಯ ಮೊದಲ ಯೋಜನೆ ತೋರಿಸಿಕೊಟ್ಟಿದೆ.

ನಾಲ್ಕನೆಯದಾಗಿ, ಊರಿನ ಹುಡುಗನನ್ನು ಅದೇ ಊರಿನ ಕಾವಲಿಗೆ ಹಚ್ಚಬೇಕೆಂದಿಲ್ಲ. ತನ್ನ ಓಣಿಯಲ್ಲಿ ನೆಂಟರ ಒತ್ತಾಯವೂ ಇರುತ್ತದೆ, ಹಳೆಯ ಜಗಳಗಳೂ ಇರುತ್ತವೆ. ಕಳವೆಯಲ್ಲಿಯೋ ಡೊಂಬಿವಲಿಯಲ್ಲಿಯೋ ಅವನು ನಿಯುಕ್ತನಾದರೂ ಮುಂಬ್ರಾದ ಮನೆಗೆ ಸಮವಸ್ತ್ರದಲ್ಲಿ ಮರಳುವನಷ್ಟೆ. ಊರಿನ ಮಕ್ಕಳು ನೋಡಬೇಕಾದದ್ದು ಅದನ್ನು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಸರ್ಕಾರದ ಹೊಣೆ. ಪದವಿ ದೊರೆತು ಒಂದು ವರ್ಷದೊಳಗೆ ನೇಮಕವಾಗದಿದ್ದರೆ ಸಾಲವು ತಾನಾಗಿಯೇ ದಾನವಾಗತಕ್ಕದ್ದು ಎಂದು ಕರಾರಿನಲ್ಲಿಯೇ ಬರೆದಿರಬೇಕು. ಪೋಲೀಸ್ ವಸತಿಯಲ್ಲಿ ಮನೆ, ಮೇಲಿನ ಪರೀಕ್ಷೆಗಳಿಗೆ ಅವಕಾಶ, ಧರ್ಮದ ಅಥವಾ ಜಾತಿಯ ಕಾರಣದಿಂದ ಅವಮಾನವಾದರೆ ದೂರನ್ನು ಕೇಳುವ ಸ್ವತಂತ್ರ ಅಧಿಕಾರಿ, ಇವು ಕೃಪೆಯಾಗಿ ಬರಬಾರದು. ಕರಾರಿನ ಕಲಮುಗಳಾಗಿ ಬರಬೇಕು. ಹಣವನ್ನು ವರ್ಷವರ್ಷದ ಮಂಜೂರಾತಿಗೆ ಬಿಡದೆ, ಒಂದು ತಂಡದ ಎಂಟು ವರ್ಷಗಳ ಲೆಕ್ಕವನ್ನು ಮೊದಲೇ ಪ್ರತ್ಯೇಕ ನಿಧಿಯಾಗಿ ಇರಿಸಬೇಕು. ತಂಡ ಸಣ್ಣದಾದರೂ ಚಿಂತೆಯಿಲ್ಲ.

ಸಾಲೋಟಗಿಯ ದಾನಿಗಳು ವಿದ್ಯಾರ್ಥಿಯಿಂದ ಏನನ್ನೂ ಬರೆಸಿಕೊಳ್ಳದೆ ತಮ್ಮನ್ನೇ ಶಾಸನದಲ್ಲಿ ಕಟ್ಟಿಕೊಂಡರು. ಇಂದಿನ ಸರ್ಕಾರ ಅಷ್ಟು ಉದಾರವಾಗಿರಬೇಕೆಂದು ಯಾರೂ ಕೇಳಲಾರರು. ಸಾರ್ವಜನಿಕರ ಹಣಕ್ಕೆ ಪ್ರತಿಫಲ ಬೇಕೆಂಬುದು ನ್ಯಾಯವೇ. ಆದರೆ ಹದಿನೆಂಟು ವರ್ಷದ ಹುಡುಗನು ತನ್ನ ಮುಂದಿನ ಎಂಟು ವರ್ಷಗಳನ್ನು ಬರೆದುಕೊಡುವ ಕಾಗದದಲ್ಲಿ ಎರಡನೆಯ ಸಹಿಗೂ ಅಷ್ಟೇ ತೂಕವಿರಬೇಕು. ಅಂತಹ ಕಾಗದ ಸಿದ್ಧವಾಗುವವರೆಗೆ, ಸಹಿ ಹಾಕುವ ಮುನ್ನ ಮಗನಿಗೆ ಅದನ್ನು ಪೂರ್ತಿಯಾಗಿ ಓದಿ ತಿಳಿಸುವುದು ಮುಂಬ್ರಾದ ತಂದೆತಾಯಿಗಳ ಕರ್ತವ್ಯವಾಗಿಯೇ ಉಳಿಯುತ್ತದೆ.